ಪರರ ಜಗಲಿಯಲ್ಲಿ ಪ್ರಚಾರ: ಅಂತರಜಾಲದಲ್ಲಿ ಸ್ವಯಂಸೇವಾ ಸಂಸ್ಥೆಗಳು ನಡೆದುಬಂದ ದಾರಿ

ಲಾಭದ ಉದ್ದೇಶವಿಲ್ಲದೆ ನಡೆಯುವ ಸಂಘಸಂಸ್ಥೆಗಳಿಗೆ ಪ್ರಚಾರವೆಂಬುದು ಎಲ್ಲ ಕಾಲಕ್ಕೂ ಇಕ್ಕಟ್ಟಿನ ಬಾಬ್ತು. ಕೊಟ್ಟ ಹಣ ಅನ್ನಕ್ಕೋ ಔಷಧಕ್ಕೋ ಶಾಲೆಗೋ ಸಲ್ಲಬೇಕೇ ಹೊರತು ಕರಪತ್ರದ ಕಾಗದಕ್ಕೂ ಅಂಚೆಚೀಟಿಗೂ ವ್ಯಯವಾಗಬಾರದೆಂದು ದಾನಿಗಳು ಬಯಸುತ್ತಾರೆ. ಆದರೆ ಕರಪತ್ರ ಹಂಚದೆ ಹೋದರೆ ದಾನಿಗಳೇ ದೊರೆಯುವುದಿಲ್ಲ. ಇಪ್ಪತ್ತನೆಯ ಶತಮಾನದ ಕೊನೆಯ ಎರಡು ದಶಕಗಳಲ್ಲಿ ಗಣಕಯಂತ್ರಗಳ ಜಾಲ ಹರಡತೊಡಗಿದಾಗ ಈ ಇಕ್ಕಟ್ಟು ಇನ್ನು ತೀರಿತೆಂದು ಹಲವರು ನಂಬಿದರು. ಒಂದು ಪುಟವನ್ನು ಹತ್ತು ಜನ ಓದಿದರೂ ಹತ್ತು ಸಾವಿರ ಜನ ಓದಿದರೂ ಖರ್ಚು ಹೆಚ್ಚುಕಡಿಮೆ ಒಂದೇ ಆಗುವ ಮಾಧ್ಯಮವು ಹಿಂದೆಂದೂ ಬಡ ಸಂಸ್ಥೆಗಳ ಕೈಗೆ ಬಂದಿರಲಿಲ್ಲವಾದ್ದರಿಂದ ಆ ನಂಬಿಕೆಗೆ ಆಧಾರವೂ ಇತ್ತು. ಆದರೆ 1984ರಿಂದ 2020ರವರೆಗಿನ ಬೆಳವಣಿಗೆಯನ್ನು ಒಟ್ಟಾಗಿ ನೋಡಿದರೆ ಬೇರೊಂದು ಸಂಗತಿ ಎದ್ದು ಕಾಣುತ್ತದೆ. ಹಣವಿಲ್ಲದ ಸಂಸ್ಥೆಗಳಿಗೆ ಅಗ್ಗವಾಗಿ ದೊರೆತ ಅವಕಾಶಗಳಲ್ಲಿ ಬಹುಪಾಲು ಮತ್ತೊಬ್ಬರ ಬಳಿ ಬಳಕೆಯಿಲ್ಲದೆ ಉಳಿದಿದ್ದ ಜಾಗಗಳೇ ಆಗಿದ್ದವು. ದಾರಿಹೋಕರು ಕುಳಿತು ಸುಧಾರಿಸಿಕೊಳ್ಳುವ ಪರರ ಮನೆಯ ಜಗಲಿಯಂತೆ, ಮನೆಯವರಿಗೆ ಆ ಜಾಗದಿಂದ ಬಾಡಿಗೆ ಹುಟ್ಟುತ್ತದೆಂದು ತಿಳಿಯುವವರೆಗೆ ಮಾತ್ರ ಅವು ತೆರೆದಿದ್ದವು.

ಇಂತಹ ಜಾಗಗಳಲ್ಲಿ ಮೊದಲನೆಯದು ನಡುರಾತ್ರಿಯ ದೂರವಾಣಿ ತಂತಿ. 1984ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಟಾಮ್ ಜೆನ್ನಿಂಗ್ಸ್ ಎಂಬ ಪ್ರೋಗ್ರಾಮರ್ ಫಿಡೋನೆಟ್ ಎಂಬ ವ್ಯವಸ್ಥೆಯನ್ನು ರೂಪಿಸಿದರು. ಮನೆಯ ಮೂಲೆಯಲ್ಲಿ ಇಟ್ಟ ಸಾಮಾನ್ಯ ಗಣಕವೊಂದನ್ನು ಮೋಡೆಮ್ ಮೂಲಕ, ಅಂದರೆ ಗಣಕದ ಸಂಕೇತಗಳನ್ನು ದೂರವಾಣಿ ಸಾಗಿಸಬಲ್ಲ ಧ್ವನಿಯಾಗಿ ಮಾರ್ಪಡಿಸುವ ಉಪಕರಣದ ಮೂಲಕ, ಸಾಮಾನ್ಯ ದೂರವಾಣಿ ತಂತಿಗೆ ಜೋಡಿಸಲಾಗುತ್ತಿತ್ತು. ಹಗಲಿನಲ್ಲಿ ಊರಿನ ಸದಸ್ಯರು ಬರೆದಿಟ್ಟ ಪತ್ರಗಳನ್ನು ಆ ಗಣಕ ಒಟ್ಟುಗೂಡಿಸಿ, ಒತ್ತಿ ಚಿಕ್ಕದಾಗಿಸಿ, ಒಂದೇ ಕಟ್ಟಾಗಿ ಕಟ್ಟಿಡುತ್ತಿತ್ತು. ನಡುರಾತ್ರಿಯ ನಂತರ ದೂರದ ಕರೆಗಳ ದರ ತೀರ ಇಳಿಯುವ ಗೊತ್ತಾದ ಒಂದು ಗಂಟೆಯ ಅವಧಿಯಲ್ಲಿ ಸದಸ್ಯರಿಗೆ ಬಾಗಿಲು ಮುಚ್ಚಿ, ಯಂತ್ರಗಳು ಪರಸ್ಪರ ಕರೆ ಮಾಡಿ ಆ ಕಟ್ಟುಗಳನ್ನು ಬದಲಾಯಿಸಿಕೊಳ್ಳುತ್ತಿದ್ದವು. ಪತ್ರವೊಂದು ಹೀಗೆ ಊರಿಂದೂರಿಗೆ ನೆಗೆಯುತ್ತ ತಲುಪಬೇಕಾದಲ್ಲಿಗೆ ತಲುಪಲು ಒಂದೆರಡು ದಿನ ಹಿಡಿಯುತ್ತಿತ್ತಾದರೂ ವಿಮಾನದ ಅಂಚೆಗಿಂತ ಅದು ಬೇಗ, ಫ್ಯಾಕ್ಸ್‌ಗಿಂತ ಬಹಳ ಅಗ್ಗ. ಜೆನ್ನಿಂಗ್ಸ್ ಇದನ್ನು ಹವ್ಯಾಸಿಗಳಿಗಾಗಿ ರೂಪಿಸಿದ್ದರೂ, ದೂರವಾಣಿ ತಂತಿಯೇ ಆಗಾಗ ಕೈಕೊಡುತ್ತಿದ್ದ ಆಫ್ರಿಕಾ ಮತ್ತು ಏಷ್ಯಾದ ದೇಶಗಳ ಸ್ವಯಂಸೇವಾ ಸಂಸ್ಥೆಗಳಿಗೆ ಮುಂದಿನ ಹತ್ತು ವರ್ಷ ಇದೇ ಆಸರೆಯಾಯಿತು. ಕರೆ ನಡುವೆ ಕಡಿದುಹೋದರೂ ಪತ್ರದ ಕಟ್ಟು ಉಳಿದಿರುತ್ತಿತ್ತು, ಮರುರಾತ್ರಿ ಮತ್ತೆ ಕಳುಹಿಸಬಹುದಾಗಿತ್ತು.

ಇದೇ ಹೊತ್ತಿಗೆ ಅಮೆರಿಕದಲ್ಲಿ ಪೀಸ್‌ನೆಟ್, ಇಕೋನೆಟ್ ಎಂಬ ಎರಡು ಜಾಲಗಳು ಹುಟ್ಟಿದವು. ಮೊದಲನೆಯದು ಅಣ್ವಸ್ತ್ರ ವಿರೋಧಿ ಮತ್ತು ಶಾಂತಿ ಸಂಘಟನೆಗಳದು, ಎರಡನೆಯದು ಪರಿಸರ ಸಂಘಟನೆಗಳದು. 1987ರಲ್ಲಿ ಇವೆರಡೂ ಇನ್‌ಸ್ಟಿಟ್ಯೂಟ್ ಫಾರ್ ಗ್ಲೋಬಲ್ ಕಮ್ಯುನಿಕೇಷನ್ಸ್ ಎಂಬ ಒಂದೇ ಸಂಸ್ಥೆಯ ಅಡಿಗೆ ಬಂದು, ಲಂಡನ್ನಿನ ಗ್ರೀನ್‌ನೆಟ್ ಜೊತೆ ಅಟ್ಲಾಂಟಿಕ್ ಸಾಗರದಾಚೆಗೂ ವಿಷಯ ವಿನಿಮಯ ಆರಂಭಿಸಿದವು. 1990ರಲ್ಲಿ ಅಮೆರಿಕ, ಬ್ರಿಟನ್, ಕೆನಡಾ, ಸ್ವೀಡನ್, ಆಸ್ಟ್ರೇಲಿಯಾ, ಬ್ರೆಜಿಲ್ ಮತ್ತು ನಿಕರಾಗುವಾದ ಏಳು ಜಾಲಗಳು ಸೇರಿ ಅಸೋಸಿಯೇಷನ್ ಫಾರ್ ಪ್ರೊಗ್ರೆಸಿವ್ ಕಮ್ಯುನಿಕೇಷನ್ಸ್ ಎಂಬ ಒಕ್ಕೂಟವನ್ನು ಕಟ್ಟಿದವು. 1992ರ ಜೂನ್‌ನಲ್ಲಿ ರಿಯೊ ಡಿ ಜನೈರೊದಲ್ಲಿ ನಡೆದ ಭೂ ಶೃಂಗಸಭೆಯಲ್ಲಿ ಈ ಒಕ್ಕೂಟವೂ ಬ್ರೆಜಿಲ್‌ನ ಇಬಾಸೆ ಸಂಸ್ಥೆಯೂ ಸೇರಿ ಗಣಕಗಳನ್ನು ಸ್ಥಾಪಿಸಿದ್ದರಿಂದ, ಅಲ್ಲಿಗೆ ಬರಲು ಪ್ರಯಾಣವೆಚ್ಚವಿಲ್ಲದ ಸಂಸ್ಥೆಗಳೂ ಸಭೆಯ ಕರಡುಗಳನ್ನು ತಮ್ಮ ಊರಿನಲ್ಲಿಯೇ ಓದುವಂತಾಯಿತು. ಸರ್ಕಾರಗಳ ಪ್ರತಿನಿಧಿಗಳಿಗೆ ಮಾತ್ರ ಸಿಗುತ್ತಿದ್ದ ಕಾಗದ ಹೊರಗಿನವರ ಕೈಗೂ ಅದೇ ದಿನ ಸಿಕ್ಕಿತೆಂಬುದು ಆ ಕಾಲಕ್ಕೆ ಸಣ್ಣ ಮಾತಲ್ಲ. ಆದರೂ ಈ ಮೊದಲ ಹಂತವನ್ನು ಅಳತೆ ಮೀರಿ ಕೊಂಡಾಡುವ ಬರಹಗಳನ್ನು ಎಚ್ಚರದಿಂದ ಓದಬೇಕು. ನೆಲಬಾಂಬುಗಳ ನಿಷೇಧಕ್ಕಾಗಿ ದುಡಿದು 1997ರಲ್ಲಿ ನೊಬೆಲ್ ಶಾಂತಿ ಪುರಸ್ಕಾರವನ್ನು ಹಂಚಿಕೊಂಡ ಜೋಡಿ ವಿಲಿಯಮ್ಸ್ ಅವರ ಅಂತರರಾಷ್ಟ್ರೀಯ ಆಂದೋಲನವನ್ನು ಇ-ಮೇಲ್‌ನ ವಿಜಯವೆಂದು ಪತ್ರಿಕೆಗಳು ಬಣ್ಣಿಸಿದವು. ಆದರೆ ಅದರ ಮೊದಲ ವರ್ಷಗಳ ಕೆಲಸ ನಡೆದದ್ದು ಹೆಚ್ಚಾಗಿ ಫ್ಯಾಕ್ಸ್ ಮತ್ತು ದೂರವಾಣಿಯಿಂದ ಎಂಬುದನ್ನು ವಿಲಿಯಮ್ಸ್ ಅವರೇ ಸ್ಪಷ್ಟಪಡಿಸಿದ್ದಾರೆ.

ಜಿನೀವಾದ ಬಳಿಯ ಸರ್ನ್ ಸಂಶೋಧನಾಲಯವು 1993ರ ಏಪ್ರಿಲ್ 30ರಂದು ವೆಬ್ ತಂತ್ರಜ್ಞಾನವನ್ನು ಯಾರಾದರೂ ಶುಲ್ಕವಿಲ್ಲದೆ ಬಳಸಬಹುದೆಂದು ಘೋಷಿಸಿದ ಮೇಲೆ ಪ್ರಚಾರದ ಸ್ವರೂಪವೇ ಬದಲಾಯಿತು. ಅದುವರೆಗೆ ಪತ್ರವನ್ನು ಓದುಗರ ಬಳಿಗೆ ಕಳುಹಿಸಬೇಕಾಗಿತ್ತು. ಈಗ ಪುಟವನ್ನು ಒಂದೆಡೆ ಇಟ್ಟರೆ ಓದುಗರೇ ಅಲ್ಲಿಗೆ ಬರಬಹುದಾಗಿತ್ತು. ಪುಟವನ್ನು ಇಡಲು ಸರ್ವರ್ ಬೇಕು, ಅಂದರೆ ಹಗಲಿರುಳೂ ಜಾಲಕ್ಕೆ ಅಂಟಿಕೊಂಡು, ಕೇಳಿದವರಿಗೆ ಪುಟ ಒದಗಿಸುವ ಗಣಕ ಬೇಕು. ಅದು 1994ರ ಸುಮಾರಿಗೆ ಇದ್ದುದು ಮುಖ್ಯವಾಗಿ ವಿಶ್ವವಿದ್ಯಾಲಯಗಳಲ್ಲಿ. ಹೀಗಾಗಿ ಎರಡನೆಯ ಜಗಲಿಯೆಂದರೆ ವಿಶ್ವವಿದ್ಯಾಲಯವೇ. ಮೆಕ್ಸಿಕೋದ ಚಿಯಾಪಾಸ್‌ನಲ್ಲಿ 1994ರ ಜನವರಿ 1ರಂದು ದಂಗೆಯೆದ್ದ ಜಪಾಟಿಸ್ಟಾ ಆದಿವಾಸಿಗಳ ಹೇಳಿಕೆಗಳನ್ನು ಜಗತ್ತು ಓದಿದ್ದು ಅಮೆರಿಕದ ಸ್ವಾರ್ತ್‌ಮೋರ್ ಕಾಲೇಜಿನ ವಿದ್ಯಾರ್ಥಿಯೊಬ್ಬರು ಆ ವರ್ಷವೇ ಸಿದ್ಧಪಡಿಸಿದ ಪುಟದಲ್ಲಿ. ಬರ್ಮಾದ ಸೇನಾಡಳಿತದ ವಿರುದ್ಧ 1995ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿಕೊಂಡ ಫ್ರೀ ಬರ್ಮಾ ಕೋಅಲಿಷನ್ ಇ-ಮೇಲ್ ಪಟ್ಟಿಗಳಿಂದಲೇ ಅನೇಕ ವಿದ್ಯಾಲಯಗಳ ವಿದ್ಯಾರ್ಥಿಗಳನ್ನು ಒಗ್ಗೂಡಿಸಿತು. ಆ ದೇಶದಲ್ಲಿ ವ್ಯಾಪಾರ ನಡೆಸುತ್ತಿದ್ದ ಕಂಪನಿಗಳ ಮೇಲೆ ಒತ್ತಡ ಹೆಚ್ಚಿ, 1997ರ ಜನವರಿಯಲ್ಲಿ ಪೆಪ್ಸಿಕೊ ಅಲ್ಲಿಂದ ಪೂರ್ತಿಯಾಗಿ ಹಿಂದೆ ಸರಿಯುವುದಾಗಿ ಪ್ರಕಟಿಸಿತು. ಈ ಎರಡು ಉದಾಹರಣೆಗಳಲ್ಲಿಯೂ ಸರ್ವರ್‌ನ ಬಾಡಿಗೆ, ವಿದ್ಯುತ್ತು, ತಂತಿಯ ಖರ್ಚು ಎಲ್ಲವನ್ನೂ ತಮಗರಿವಿಲ್ಲದೆಯೇ ಭರಿಸಿದ್ದು ವಿದ್ಯಾಸಂಸ್ಥೆಗಳು.

1996ನೆಯ ವರ್ಷವನ್ನು ಈ ಚರಿತ್ರೆಯ ಮುಖ್ಯ ತಿರುವೆನ್ನಬಹುದು. ಆ ಫೆಬ್ರವರಿಯ ಎಂಟೇ ದಿನಗಳ ಅಂತರದಲ್ಲಿ ಎರಡು ಘಟನೆಗಳು ನಡೆದವು. ಫೆಬ್ರವರಿ 8ರಂದು ಅಮೆರಿಕದ ಅಧ್ಯಕ್ಷರು ಅಂತರಜಾಲದ ಬರಹಗಳಿಗೆ ಕಡಿವಾಣ ಹಾಕುವ ಕಾಯಿದೆಗೆ ಸಹಿ ಹಾಕಿದಾಗ, ಸಾವಿರಾರು ತಾಣಗಳು ಪ್ರತಿಭಟನೆಯ ಗುರುತಾಗಿ ತಮ್ಮ ಪುಟಗಳ ಹಿನ್ನೆಲೆಯನ್ನು 48 ಗಂಟೆಗಳ ಕಾಲ ಕಪ್ಪಾಗಿಸಿದವು. ಇದರೊಂದಿಗೆ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಷನ್ ಎಂಬ ಲಾಭರಹಿತ ಸಂಸ್ಥೆ ನೀಲಿ ಪಟ್ಟಿಯ ಒಂದು ಚಿಕ್ಕ ಚಿತ್ರವನ್ನು ಹಂಚಿತು. ಯಾರು ಬೇಕಾದರೂ ಆ ಚಿತ್ರವನ್ನು ತಮ್ಮ ಪುಟದಲ್ಲಿ ಅಂಟಿಸಿಕೊಳ್ಳಬಹುದಾಗಿತ್ತು. ಅದರ ಮೇಲೆ ಕ್ಲಿಕ್ ಮಾಡಿದವರು ಸಂಸ್ಥೆಯ ಪುಟಕ್ಕೆ ಬಂದು ನಿಲ್ಲುತ್ತಿದ್ದರು. ಒಂದು ಕಾಸೂ ಜಾಹೀರಾತಿಗೆ ಖರ್ಚು ಮಾಡದೆ ಆ ಪುಟವು ಆ ಕಾಲದಲ್ಲಿ ಅತಿಹೆಚ್ಚು ಕೊಂಡಿಗಳನ್ನು ಪಡೆದ ಪುಟಗಳಲ್ಲಿ ಒಂದಾಯಿತು. ಅಂಗಿಗೆ ಬಿಲ್ಲೆ ಸಿಕ್ಕಿಸಿಕೊಳ್ಳುವ ಹಳೆಯ ಚಳವಳಿಯ ಪದ್ಧತಿಯೇ ಇದಾದರೂ, ಬಿಲ್ಲೆಯನ್ನು ನೋಡಿದವರನ್ನು ಸಭೆಗೇ ಕರೆತರುವ ಶಕ್ತಿ ಮಾತ್ರ ಹೊಸದು. ಆ ಕಾಯಿದೆಯ ಮುಖ್ಯ ಭಾಗವನ್ನು ಅಮೆರಿಕದ ಸುಪ್ರೀಂ ಕೋರ್ಟ್ 1997ರ ಜೂನ್ 26ರಂದು ರದ್ದುಪಡಿಸಿತು.

ಎರಡನೆಯ ಘಟನೆ ಲಂಡನ್ನಿನದು. ಗ್ರೀನ್‌ಪೀಸ್ ಎಂಬ ಅಂತರರಾಷ್ಟ್ರೀಯ ಸಂಸ್ಥೆಗೂ ತನಗೂ ಸಂಬಂಧವಿಲ್ಲದ ಲಂಡನ್ ಗ್ರೀನ್‌ಪೀಸ್ ಎಂಬ ಪುಟ್ಟ ಗುಂಪು 1986ರಲ್ಲಿ ಮ್ಯಾಕ್‌ಡೊನಾಲ್ಡ್ಸ್ ಆಹಾರ ಕಂಪನಿಯ ವಿರುದ್ಧ ಒಂದು ಕರಪತ್ರವನ್ನು ಹಂಚಿತ್ತು. ಕಂಪನಿ 1990ರಲ್ಲಿ ಮಾನನಷ್ಟದ ದಾವೆ ಹೂಡಿತು. ಮಾನನಷ್ಟದ ದಾವೆಗಳಿಗೆ ಇಂಗ್ಲೆಂಡಿನಲ್ಲಿ ಸರ್ಕಾರದ ಉಚಿತ ಕಾನೂನು ನೆರವು ಇರಲಿಲ್ಲವಾದ್ದರಿಂದ ಹೆಲೆನ್ ಸ್ಟೀಲ್ ಮತ್ತು ಡೇವ್ ಮಾರಿಸ್ ಎಂಬ ಇಬ್ಬರು ಪ್ರತಿವಾದಿಗಳು ತಾವೇ ವಾದಿಸಿಕೊಂಡರು. 1994ರಲ್ಲಿ ಆರಂಭವಾದ ವಿಚಾರಣೆ ಇಂಗ್ಲೆಂಡಿನ ಚರಿತ್ರೆಯಲ್ಲಿಯೇ ಅತ್ಯಂತ ದೀರ್ಘವಾದ ವಿಚಾರಣೆಗಳ ಸಾಲಿಗೆ ಸೇರಿತು. ಇವರ ಬೆಂಬಲಕ್ಕೆ ನಿಂತ ಸ್ವಯಂಸೇವಕರು ಮ್ಯಾಕ್‌ಸ್ಪಾಟ್‌ಲೈಟ್ ಎಂಬ ಜಾಲತಾಣವನ್ನು 1996ರ ಫೆಬ್ರವರಿ 16ರಂದು ಆರಂಭಿಸಿದರು. ಲೆಸ್ಟರ್ ಸ್ಕ್ವೇರ್‌ನ ಮ್ಯಾಕ್‌ಡೊನಾಲ್ಡ್ಸ್ ಮಳಿಗೆಯ ಎದುರು, ಮೊಬೈಲ್ ಫೋನಿಗೆ ಜೋಡಿಸಿದ ಲ್ಯಾಪ್‌ಟಾಪ್‌ನಿಂದ ತಾಣವನ್ನು ಉದ್ಘಾಟಿಸಿದ ಆ ಸಮಾರಂಭಕ್ಕೆ ತಗುಲಿದ ವೆಚ್ಚ ಅತ್ಯಲ್ಪವಾಗಿದ್ದರೂ ಪತ್ರಿಕೆಗಳವರಿಗೆ ಬೇಕಾದ ಚಿತ್ರವಂತೂ ದೊರೆಯಿತು. ಯಾವ ಕರಪತ್ರದ ಹಂಚಿಕೆಯನ್ನು ನಿಲ್ಲಿಸಲು ದಾವೆ ಹೂಡಲಾಗಿತ್ತೋ ಅದೇ ಕರಪತ್ರ, ಸಾಕ್ಷಿಗಳ ಹೇಳಿಕೆಗಳು ಮತ್ತು ನ್ಯಾಯಾಲಯದ ಕಲಾಪದ ದಾಖಲೆಗಳೊಂದಿಗೆ, ಜಗತ್ತಿನ ಎಲ್ಲೆಡೆ ಓದಲು ಸಿಕ್ಕಿತು.

ಮ್ಯಾಕ್‌ಸ್ಪಾಟ್‌ಲೈಟ್‌ನ ತಾಂತ್ರಿಕ ಏರ್ಪಾಡು ಇನ್ನಷ್ಟು ಗಮನಾರ್ಹವಾದುದು. ತಾಣದ ಸರ್ವರ್ ಇಂಗ್ಲೆಂಡಿನಲ್ಲಿದ್ದರೆ ಅದೇ ಕಾನೂನಿನ ಕೈಗೆ ಸಿಕ್ಕಿಬೀಳುತ್ತದೆಂದು ತಿಳಿದಿದ್ದ ಸ್ವಯಂಸೇವಕರು ಅದನ್ನು ನೆದರ್ಲೆಂಡ್ಸ್‌ನಲ್ಲಿ ಇರಿಸಿದ್ದಲ್ಲದೆ, ಬೇರೆ ಬೇರೆ ದೇಶಗಳಲ್ಲಿ ಅದರ ಪ್ರತಿಬಿಂಬ ತಾಣಗಳನ್ನೂ, ಅಂದರೆ ಇಡೀ ತಾಣದ ಯಥಾಪ್ರತಿಗಳನ್ನೂ, ಸ್ಥಾಪಿಸಿದರು. ಒಂದನ್ನು ಮುಚ್ಚಿಸಿದರೆ ಇನ್ನೊಂದು ತೆರೆದೇ ಇರುತ್ತಿತ್ತು. ಇಲ್ಲಿ ಸಂಸ್ಥೆಯು ತನ್ನ ಬರಹದ ಮೇಲಿನ ಒಡೆತನದ ಹಂಬಲವನ್ನು ಬಿಟ್ಟುಕೊಟ್ಟು, ಪ್ರತಿ ಮಾಡಿಕೊಳ್ಳಿರೆಂದು ಎಲ್ಲರನ್ನೂ ಕರೆಯಿತು. ದಾನಿಗಳ ಪಟ್ಟಿಯನ್ನೂ ವರದಿಗಳನ್ನೂ ಗುಟ್ಟಾಗಿ ಕಾಪಾಡಿಕೊಳ್ಳುವ ದೊಡ್ಡ ಸಂಸ್ಥೆಗಳಿಗೆ ಈ ಧೈರ್ಯ ಬರಲಿಲ್ಲವೆನ್ನುವುದು ಕಟುವಾದರೂ ನಿಜ.

ಪುಟವನ್ನು ಇಡುವ ಜಾಗ ಹೀಗೆ ಎಲ್ಲೋ ಸಿಗುತ್ತಿತ್ತು; ಆದರೆ ಪುಟ ಇದೆಯೆಂದು ಜನರಿಗೆ ತಿಳಿಯುವುದು ಹೇಗೆ? ತೊಂಬತ್ತರ ದಶಕದ ನಡುವಿನಲ್ಲಿ ಇದಕ್ಕೆ ಮೂರು ಅಗ್ಗದ ಉಪಾಯಗಳಿದ್ದವು. ಒಂದು, ವಿಷಯವಾರು ವಿಂಗಡಿಸಿದ ಕೈಪಿಡಿಯಂತಹ ತಾಣಸೂಚಿಗಳು. 1994ರಲ್ಲಿ ಆರಂಭವಾದ ಯಾಹೂ ಸೂಚಿಯಲ್ಲಿ ಹೆಸರು ಸೇರಿಸಲು ಮೊದಲು ಹಣ ಕೊಡಬೇಕಿರಲಿಲ್ಲ. 1998ರಲ್ಲಿ ಹುಟ್ಟಿದ ಓಪನ್ ಡೈರೆಕ್ಟರಿಯಲ್ಲಂತೂ ಸಂಪಾದಕರೆಲ್ಲರೂ ಸಂಬಳವಿಲ್ಲದ ಸ್ವಯಂಸೇವಕರೇ. ಎರಡು, ವೆಬ್‌ರಿಂಗ್; ಅಂದರೆ ಒಂದೇ ಆಸಕ್ತಿಯ ತಾಣಗಳು ಬಳೆಯಾಕಾರದಲ್ಲಿ ಪರಸ್ಪರ ಜೋಡಿಸಿಕೊಂಡು, ಪುಟದ ಅಡಿಯಲ್ಲಿ ಹಿಂದಿನ ಮತ್ತು ಮುಂದಿನ ತಾಣಕ್ಕೆ ಕೊಂಡಿ ಇಟ್ಟುಕೊಳ್ಳುವ ಕ್ರಮ. ಇದರ ತಂತ್ರಾಂಶವನ್ನು 1995ರಲ್ಲಿ ಸೇಜ್ ವೇಲ್ ಎಂಬ ತರುಣರು ಬರೆದರು. ನದಿಯ ಉಳಿವಿಗಾಗಿ ಹೋರಾಡುವ ಒಂದು ಗುಂಪು ಮತ್ತೊಂದು ನದಿಯ ಗುಂಪಿಗೆ ಓದುಗರನ್ನು ದಾಟಿಸುವ ಈ ಸೌಜನ್ಯಕ್ಕೆ ಖರ್ಚು ಇರಲಿಲ್ಲ.

ಮೂರನೆಯದಾದ ಬ್ಯಾನರ್ ವಿನಿಮಯವನ್ನು ತುಸು ಬಿಡಿಸಿ ನೋಡಬೇಕು, ಏಕೆಂದರೆ ಉಚಿತವೆಂಬುದರ ಒಳಲೆಕ್ಕ ಇದರಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಪುಟದ ತಲೆಯ ಮೇಲೆ ಅಡ್ಡಪಟ್ಟಿಯಂತೆ ಕಾಣಿಸಿಕೊಳ್ಳುವ ಜಾಹೀರಾತನ್ನು ಬ್ಯಾನರ್ ಎನ್ನುತ್ತಾರೆ. ಹಾಟ್‌ವೈರ್ಡ್ ಎಂಬ ತಾಣ 1994ರ ಅಕ್ಟೋಬರ್‌ನಲ್ಲಿ ಇಂತಹವನ್ನು ಮಾರಾಟ ಮಾಡಿದ್ದರಿಂದ ಇದು ಬಳಕೆಗೆ ಬಂದಿತು. 1996ರಲ್ಲಿ ಟೋನಿ ಶೇ ಮತ್ತು ಸಂಜಯ್ ಮದನ್ ಆರಂಭಿಸಿದ ಲಿಂಕ್‌ಎಕ್ಸ್‌ಚೇಂಜ್ ಎಂಬ ಸೇವೆಯಲ್ಲಿ ಸದಸ್ಯರಾದವರು ತಮ್ಮ ಪುಟದಲ್ಲಿ ಕೆಲವು ಸಾಲುಗಳ ಸಂಕೇತವನ್ನು ಸೇರಿಸಿಕೊಳ್ಳಬೇಕಾಗಿತ್ತು. ಆಮೇಲೆ ಆ ಪುಟ ತೆರೆದಾಗಲೆಲ್ಲ ಮತ್ತೊಬ್ಬ ಸದಸ್ಯರ ಬ್ಯಾನರ್ ಅಲ್ಲಿ ಕಾಣಿಸುತ್ತಿತ್ತು. ಹೀಗೆ ಪರರ ಬ್ಯಾನರನ್ನು ಎರಡು ಬಾರಿ ತೋರಿಸಿದವರ ಬ್ಯಾನರ್ ಬೇರೆಲ್ಲೋ ಒಂದು ಬಾರಿ ಕಾಣಿಸುತ್ತಿತ್ತು. ಎರಡು ಕೊಟ್ಟು ಒಂದು ಪಡೆಯುವ ಈ ಲೆಕ್ಕದಲ್ಲಿ ಉಳಿದ ಅರ್ಧ ಯಾರದು? ಅದನ್ನು ಕಂಪನಿ ಹಣ ಕೊಡುವ ಜಾಹೀರಾತುದಾರರಿಗೆ ಮಾರುತ್ತಿತ್ತು. ಕುರುಡರಿಗೆ ಪುಸ್ತಕ ಓದಿ ಧ್ವನಿಮುದ್ರಿಸುವ ಸಂಘವಾಗಲಿ, ಊರಿನ ಪ್ರಾಣಿದಯಾ ಸಂಘವಾಗಲಿ ಇದಕ್ಕೆ ಸೇರಿದರೆ ಅದರ ಪುಟಕ್ಕೆ ಬರುವ ಮಂದಿಯ ಗಮನದ ಅರ್ಧಪಾಲು ಕಂಪನಿಯ ಸರಕಾಗುತ್ತಿತ್ತು. ದೊಡ್ಡ ಜಾಹೀರಾತುದಾರರು ತಿರುಗಿಯೂ ನೋಡದ ಲಕ್ಷಾಂತರ ಚಿಕ್ಕ ಪುಟಗಳು ಒಟ್ಟುಗೂಡಿದಾಗ ಬೆಲೆಬಾಳುತ್ತವೆಂದು ಕಂಡುಕೊಂಡದ್ದೇ ಈ ಸೇವೆಯ ಜಾಣ್ಮೆ. 1998ರ ನವೆಂಬರ್‌ನಲ್ಲಿ ಮೈಕ್ರೋಸಾಫ್ಟ್ ಇದನ್ನು 26.5 ಕೋಟಿ ಡಾಲರಿಗೆ ಕೊಂಡುಕೊಂಡಿತು. ಜಾಗ ಒದಗಿಸಿದ ಸದಸ್ಯರಿಗೆ ಅದರಲ್ಲಿ ಪಾಲಿರಲಿಲ್ಲ.

ಗಮನಕ್ಕೆ ಬೆಲೆಯಿದೆಯೆಂಬ ಇದೇ ಅರಿವನ್ನು ತಿರುಗಿಸಿ ಧರ್ಮಕಾರ್ಯಕ್ಕೆ ಬಳಸಿದ್ದು ಹಂಗರ್ ಸೈಟ್. ಇಂಡಿಯಾನಾದ ಜಾನ್ ಬ್ರೀನ್ 1999ರ ಜೂನ್‌ನಲ್ಲಿ ಒಬ್ಬರೇ ಕಟ್ಟಿದ ಈ ತಾಣದಲ್ಲಿ ಒಂದು ಗುಂಡಿ ಇತ್ತು. ದಿನಕ್ಕೊಮ್ಮೆ ಅದನ್ನು ಒತ್ತಿದರೆ ಪ್ರಾಯೋಜಕ ಕಂಪನಿಗಳ ಹೆಸರುಗಳು ಕಾಣಿಸುತ್ತಿದ್ದವು, ಪ್ರತಿ ಒತ್ತಿಗೂ ಆ ಕಂಪನಿಗಳು ಸಣ್ಣದೊಂದು ಮೊತ್ತವನ್ನು ವಿಶ್ವ ಆಹಾರ ಕಾರ್ಯಕ್ರಮಕ್ಕೆ ಕೊಡುತ್ತಿದ್ದವು. ಒತ್ತಿದವರಿಗೆ ಖರ್ಚಿಲ್ಲ, ತಾಣಕ್ಕೆ ಪ್ರಚಾರದ ಖರ್ಚೂ ಇಲ್ಲ, ಏಕೆಂದರೆ ಒತ್ತಿದವರೇ ಸ್ನೇಹಿತರಿಗೆ ಬರೆದು ತಿಳಿಸುತ್ತಿದ್ದರು. ಆದರೆ ಪ್ರಾಯೋಜಕರನ್ನು ಹುಡುಕುವುದು ಒಬ್ಬರ ಕೈಯಲ್ಲಿ ಆಗದ ಕೆಲಸವಾಗಿ, ಮರುವರ್ಷವೇ ತಾಣ ಗ್ರೇಟರ್‌ಗುಡ್ ಕಂಪನಿಗೆ ಮಾರಾಟವಾಯಿತು. ಜಾಹೀರಾತಿನ ಪೇಟೆ ಕುಸಿದ 2001ರಲ್ಲಿ ಮತ್ತೊಂದು ಕಂಪನಿಯ ಪಾಲಾಯಿತು.

ಇವುಗಳಿಗೆಲ್ಲ ಹೋಲಿಸಿದರೆ ವಿಳಾಸಗಳ ಪಟ್ಟಿಯೇ ಹೆಚ್ಚು ಬಾಳಿಕೆಯ ಆಸ್ತಿಯೆಂಬುದನ್ನು ತೋರಿಸಿಕೊಟ್ಟದ್ದು 1998ರ ಸೆಪ್ಟೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದ ವೆಸ್ ಬಾಯ್ಡ್ ಮತ್ತು ಜೋನ್ ಬ್ಲೇಡ್ಸ್ ದಂಪತಿ ಆರಂಭಿಸಿದ ಮೂವ್‌ಆನ್. ಅಧ್ಯಕ್ಷ ಕ್ಲಿಂಟನ್ ಅವರ ಲೈಂಗಿಕ ಹಗರಣದ ಪ್ರಕರಣವನ್ನು ಛೀಮಾರಿಯೊಂದಿಗೆ ಮುಗಿಸಿ ದೇಶದ ಕೆಲಸಕ್ಕೆ ಮರಳಬೇಕೆಂಬ ಒಂದೇ ವಾಕ್ಯದ ಮನವಿಯನ್ನು ಅವರು ಪರಿಚಿತರಿಗೆ ಕಳುಹಿಸಿದರು. ವಾರದೊಳಗೆ ಲಕ್ಷಕ್ಕೂ ಹೆಚ್ಚು ಸಹಿಗಳು ಬಿದ್ದವು. ಸಹಿ ಹಾಕಿದವರು ತಮ್ಮ ವಿಳಾಸ ಕೊಟ್ಟಿದ್ದರಿಂದ ಮುಂದಿನ ವಿಷಯಕ್ಕೂ ಅವರನ್ನೇ ಕೇಳಬಹುದಾಗಿತ್ತು. ಅರ್ಜಿ ಸೋತರೂ ಪಟ್ಟಿ ಉಳಿಯಿತು, ಪಟ್ಟಿಯಿಂದ ಸಂಸ್ಥೆಯೇ ಹುಟ್ಟಿತು. ಇದಕ್ಕೆ ವಿರುದ್ಧವಾಗಿ, ಹಾದಿ ತೋರಿಸಿದ ಹಿರಿಯ ಇನ್‌ಸ್ಟಿಟ್ಯೂಟ್ ಫಾರ್ ಗ್ಲೋಬಲ್ ಕಮ್ಯುನಿಕೇಷನ್ಸ್, ಅಗ್ಗದ ಖಾಸಗಿ ಸೇವೆಗಳ ಪೈಪೋಟಿ ತಾಳಲಾರದೆ 1999ರಲ್ಲಿ ತನ್ನ ಸಂಪರ್ಕ ಸೇವೆಯನ್ನು ಮೈಂಡ್‌ಸ್ಪ್ರಿಂಗ್ ಎಂಬ ಕಂಪನಿಗೆ ವಹಿಸಿಕೊಟ್ಟಿತು.

ಭಾರತದಲ್ಲಿ ಸಾರ್ವಜನಿಕರಿಗೆ ಅಂತರಜಾಲ ತೆರೆದದ್ದು 1995ರ ಆಗಸ್ಟ್ 15ರಂದು, ವಿದೇಶ ಸಂಚಾರ ನಿಗಮದ ಮೂಲಕ. ಖಾಸಗಿ ಕಂಪನಿಗಳಿಗೆ ಸಂಪರ್ಕ ಒದಗಿಸಲು ಅನುಮತಿ ದೊರೆತದ್ದು 1998ರಲ್ಲಿ. ಈ ನಡುವಿನ ಅವಧಿಯಲ್ಲಿ ಸಂಪರ್ಕದ ವಾರ್ಷಿಕ ಶುಲ್ಕವೇ ಅನೇಕ ಸಂಸ್ಥೆಗಳ ಪ್ರಚಾರದ ಇಡೀ ಹಣವನ್ನು ನುಂಗುವಷ್ಟಿತ್ತು. ಹಾಗಾಗಿ ಇಲ್ಲಿನ ಹೋರಾಟಗಳ ಮೊದಲ ಪುಟಗಳನ್ನು ಅನೇಕ ವೇಳೆ ಕಟ್ಟಿದವರು ಹೊರದೇಶದಲ್ಲಿ ಓದುತ್ತಿದ್ದ ಅಥವಾ ದುಡಿಯುತ್ತಿದ್ದ ಭಾರತೀಯರು. ನರ್ಮದಾ ಚಳವಳಿಯ ದಾಖಲೆಗಳನ್ನು ಜಗತ್ತಿಗೆ ಒದಗಿಸಿದ ಫ್ರೆಂಡ್ಸ್ ಆಫ್ ರಿವರ್ ನರ್ಮದಾ ತಾಣ ಇದಕ್ಕೆ ಒಳ್ಳೆಯ ನಿದರ್ಶನ. ಅಮೆರಿಕದಲ್ಲಿ 1991ರಲ್ಲಿ ಸ್ಥಾಪನೆಯಾದ ಆಶಾ ಫಾರ್ ಎಜುಕೇಷನ್ ಮತ್ತು ಅಸೋಸಿಯೇಷನ್ ಫಾರ್ ಇಂಡಿಯಾಸ್ ಡೆವಲಪ್‌ಮೆಂಟ್ ಎರಡೂ ವಿಶ್ವವಿದ್ಯಾಲಯಗಳ ಆವರಣದಲ್ಲಿ ಹುಟ್ಟಿ ಬೆಳೆದವು.

ಕನ್ನಡದಲ್ಲಿ ಹೇಳಬೇಕೆಂದವರಿಗೆ ಬೇರೆಯೇ ತೊಡಕಿತ್ತು. ಯು.ಬಿ. ಪವನಜ ಅವರು 1996ರ ಡಿಸೆಂಬರ್‌ನಲ್ಲಿ ವಿಶ್ವಕನ್ನಡ ಎಂಬ ಮೊದಲ ಕನ್ನಡ ಜಾಲತಾಣವನ್ನು ಆರಂಭಿಸಿದಾಗ ಕನ್ನಡ ಅಕ್ಷರಗಳಿಗೆ ಎಲ್ಲ ಗಣಕಗಳಿಗೂ ಒಪ್ಪಿಗೆಯಾದ ಸಂಕೇತ ವ್ಯವಸ್ಥೆ ಬಳಕೆಯಲ್ಲಿರಲಿಲ್ಲ. ಯುನಿಕೋಡ್ ಎಂಬ ಸಾರ್ವತ್ರಿಕ ವ್ಯವಸ್ಥೆಯಲ್ಲಿ ಕನ್ನಡಕ್ಕೆ 1991ರಲ್ಲಿಯೇ ಸ್ಥಾನ ದೊರೆತಿತ್ತಾದರೂ ಜನಸಾಮಾನ್ಯರ ಗಣಕಗಳು ಅದನ್ನು ಸರಿಯಾಗಿ ತೋರಿಸತೊಡಗಿದ್ದು 2001ರಲ್ಲಿ ವಿಂಡೋಸ್ ಎಕ್ಸ್‌ಪಿ ಬಂದ ಮೇಲೆ. ಅಲ್ಲಿಯವರೆಗೆ ಪ್ರತಿ ತಾಣವೂ ತನ್ನದೇ ಅಕ್ಷರವಿನ್ಯಾಸವನ್ನು, ಅಂದರೆ ಫಾಂಟನ್ನು, ಬಳಸುತ್ತಿತ್ತು. ಅದು ಓದುಗರ ಗಣಕದಲ್ಲಿ ಇಲ್ಲದಿದ್ದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳೂ ಚಿಹ್ನೆಗಳೂ ಕಲಸಿದ ಅರ್ಥವಿಲ್ಲದ ಸಾಲುಗಳು ಕಾಣುತ್ತಿದ್ದವು. ಕೆಲವರು ಬರಹವನ್ನು ಚಿತ್ರವನ್ನಾಗಿ ಮಾಡಿ ಅಂಟಿಸುತ್ತಿದ್ದರು. ಎರಡೂ ಕ್ರಮಗಳಲ್ಲಿ ಆಗುತ್ತಿದ್ದ ದೊಡ್ಡ ನಷ್ಟವೆಂದರೆ ಆ ಪುಟದಲ್ಲಿ ಅಂತರ್ಜಲ ಎಂದೋ ಸಾಕ್ಷರತೆ ಎಂದೋ ನೂರು ಸಲ ಬರೆದಿದ್ದರೂ ಹುಡುಕುಯಂತ್ರಕ್ಕೆ ಅದು ಕನ್ನಡ ಪದವೆಂದು ಗೊತ್ತಾಗುತ್ತಿರಲಿಲ್ಲ. ಇಂಗ್ಲಿಷಿನಂತಹ ಭಾಷೆಗಳ ಸಣ್ಣ ಸಂಸ್ಥೆಗಳು ಹುಡುಕುಯಂತ್ರದಿಂದ ಖರ್ಚಿಲ್ಲದೆ ಓದುಗರನ್ನು ಪಡೆಯುತ್ತಿದ್ದ ವರ್ಷಗಳಲ್ಲಿ ಕನ್ನಡದ ಪುಟಗಳು ಇದ್ದೂ ಇಲ್ಲದಂತಿದ್ದವು. 1998ರಲ್ಲಿ ಶೇಷಾದ್ರಿವಾಸು ಅವರ ಬರಹ ತಂತ್ರಾಂಶ, ಆಮೇಲೆ ಕನ್ನಡ ಗಣಕ ಪರಿಷತ್ತಿನ ನುಡಿ, 2003ರಲ್ಲಿ ಕನ್ನಡ ವಿಕಿಪೀಡಿಯ, ಹೀಗೆ ಒಂದೊಂದಾಗಿ ಬಂದವು. ಇವುಗಳಲ್ಲಿ ಹೆಚ್ಚಿನ ಕೆಲಸ ಸ್ವಯಂಸೇವೆಯಿಂದಲೇ ನಡೆದದ್ದು.

ಹುಡುಕುಯಂತ್ರಗಳ ಕಾಲವೂ ಬಹುದಿನ ಉಚಿತವಾಗಿ ಉಳಿಯಲಿಲ್ಲ. 1998ರಲ್ಲಿ ಆರಂಭವಾದ ಗೂಗಲ್, ಒಂದು ಪುಟಕ್ಕೆ ಬೇರೆ ಪುಟಗಳಿಂದ ಎಷ್ಟು ಮತ್ತು ಎಂತಹ ಕೊಂಡಿಗಳಿವೆ ಎಂಬುದರ ಮೇಲೆ ಅದರ ಸ್ಥಾನವನ್ನು ನಿರ್ಧರಿಸುತ್ತಿತ್ತಾದ್ದರಿಂದ, ವರ್ಷಗಟ್ಟಲೆ ಪರಸ್ಪರ ಕೊಂಡಿ ಕೊಟ್ಟುಕೊಂಡು ಬಂದಿದ್ದ ಸಂಘಗಳಿಗೆ ಮೊದಲಿಗೆ ಅನುಕೂಲವಾಯಿತು. ಆದರೆ ವ್ಯಾಪಾರಿಗಳು ಕೊಂಡಿಗಳನ್ನೇ ಕೊಳ್ಳುವ, ಮಾರುವ ದಂಧೆಗಿಳಿದರು; ಅದನ್ನು ತಡೆಯಲು ಗೂಗಲ್ ಬಿಗಿ ಮಾಡಿದ ನಿಯಮಗಳು ಹಳೆಯ ಸೌಜನ್ಯದ ಕೊಂಡಿ ವಿನಿಮಯವನ್ನೂ ಸಂಶಯದಿಂದ ನೋಡತೊಡಗಿದವು. 2003ರಲ್ಲಿ ಗೂಗಲ್ ಆರಂಭಿಸಿದ ಗ್ರ್ಯಾಂಟ್ಸ್ ಯೋಜನೆಯು ಲಾಭರಹಿತ ಸಂಸ್ಥೆಗಳಿಗೆ ತಿಂಗಳಿಗೆ 10,000 ಡಾಲರ್ ಬೆಲೆಯ ಜಾಹೀರಾತಿನ ಅವಕಾಶವನ್ನು ಉಚಿತವಾಗಿ ಕೊಟ್ಟಿತು. ಹಣ ಕೈಗೆ ಬರುವುದಿಲ್ಲ, ಹಣ ಕೊಟ್ಟವರ ಜಾಹೀರಾತುಗಳು ತುಂಬಿದ ಮೇಲೆ ಉಳಿದ ಜಾಗವಷ್ಟೇ ಬರುತ್ತದೆ. 2018ರಿಂದ ನಿಯಮ ಇನ್ನೂ ಬಿಗಿಯಾಯಿತು: ಜಾಹೀರಾತನ್ನು ಕಂಡ ನೂರು ಜನರಲ್ಲಿ ಕನಿಷ್ಠ ಐವರು ಅದನ್ನು ಒತ್ತಬೇಕು, ಸತತ ಎರಡು ತಿಂಗಳು ಇದಕ್ಕಿಂತ ಕಡಿಮೆಯಾದರೆ ಖಾತೆ ಅಮಾನತಿಗೆ ಒಳಗಾಗಬಹುದು. ಹೀಗೆ ಉಚಿತ ಜಾಹೀರಾತನ್ನು ಉಳಿಸಿಕೊಳ್ಳುವುದೇ ನಿಪುಣರ ಕೆಲಸವಾಗಿ, ಸಂಬಳ ಕೊಟ್ಟು ಅಂಥವರನ್ನು ಇಟ್ಟುಕೊಳ್ಳಬಲ್ಲ ದೊಡ್ಡ ಸಂಸ್ಥೆಗಳಿಗೇ ಅದರ ಲಾಭ ಹೆಚ್ಚಾಗಿ ಸಂದಿತು.

ಬೆಂಗಳೂರಿನ ಜನಾಗ್ರಹ ಸಂಸ್ಥೆ 2010ರ ಆಗಸ್ಟ್ 15ರಂದು ಆರಂಭಿಸಿದ ಐ ಪೇಯ್ಡ್ ಎ ಬ್ರೈಬ್ ಎಂಬ ತಾಣ ಮತ್ತೊಂದು ದಾರಿಯನ್ನು ಹಿಡಿಯಿತು. ಎಲ್ಲಿ, ಯಾವ ಕೆಲಸಕ್ಕೆ, ಎಷ್ಟು ಲಂಚ ಕೊಡಬೇಕಾಯಿತೆಂದು ನಾಗರಿಕರೇ ಹೆಸರು ಹೇಳದೆ ಬರೆಯಬಹುದಾದ ಆ ತಾಣದಲ್ಲಿ ಬರಹವೂ ಸುದ್ದಿಯೂ ಓದುಗರಿಂದಲೇ ಬರುತ್ತಿದ್ದುದರಿಂದ ಪತ್ರಿಕೆಗಳು ತಾವಾಗಿ ಅದರ ಹೆಸರನ್ನು ಬರೆದವು. ಆಗ ಕರ್ನಾಟಕದ ಸಾರಿಗೆ ಆಯುಕ್ತರಾಗಿದ್ದ ಭಾಸ್ಕರ ರಾವ್ ತಮ್ಮ ಇಲಾಖೆಯ ಮೇಲಿನ ದೂರುಗಳನ್ನು ಅಲ್ಲಿ ಓದಿ ಅಧಿಕಾರಿಗಳಿಗೆ ಎಚ್ಚರಿಕೆ ಕೊಟ್ಟರು ಮತ್ತು ಸುಧಾರಣೆಗೆ ಆ ಮಾಹಿತಿಯನ್ನು ಬಳಸಿಕೊಂಡರು. ಅಧಿಕಾರದಲ್ಲಿದ್ದವರು ಒಮ್ಮೆ ಉತ್ತರ ಕೊಟ್ಟರೆ ಅದಕ್ಕಿಂತ ದೊಡ್ಡ ಪ್ರಚಾರ ಬೇರೆ ಬೇಕಾಗಿರಲಿಲ್ಲ.

ಸಾಮಾಜಿಕ ಜಾಲತಾಣಗಳ ವಿಷಯದಲ್ಲಿ ಹಿಂದಿನ ಕಥೆಯೇ ವೇಗವಾಗಿ ಮರುಕಳಿಸಿತು. ಫೇಸ್‌ಬುಕ್ 2007ರ ನವೆಂಬರ್‌ನಲ್ಲಿ ಸಂಸ್ಥೆಗಳಿಗೆ ಪುಟಗಳನ್ನು ಕೊಟ್ಟಿತು. ಸಂಸ್ಥೆಗಳು ತಮ್ಮ ವಾರ್ತಾಪತ್ರಗಳನ್ನು ನಿಲ್ಲಿಸಿ, ಹಿಂಬಾಲಕರನ್ನು ಅಲ್ಲಿ ಕೂಡಿಹಾಕಿದವು. ಆಮೇಲೆ ಹಣ ಕೊಡದೆ ಬರೆದದ್ದು ಹಿಂಬಾಲಕರಲ್ಲಿಯೂ ಕೆಲವರಿಗೆ ಮಾತ್ರ ಕಾಣುವಂತಾಯಿತು. ಇತರ ಉಚಿತ ತಾಣಗಳಾದ ಜಿಯೋಸಿಟೀಸ್ 2009ರಲ್ಲಿ, ಆರ್ಕುಟ್ 2014ರಲ್ಲಿ, ಯಾಹೂ ಗ್ರೂಪ್ಸ್ 2020ರಲ್ಲಿ ಮುಚ್ಚಿದವು. ಓಪನ್ ಡೈರೆಕ್ಟರಿಯೂ 2017ರಲ್ಲಿ ನಿಂತಿತು. ಸ್ವಂತ ಹೆಸರಿನ ತಾಣವಿಲ್ಲದೆ ಅಲ್ಲಿಯೇ ನೆಲೆಸಿದ್ದ ಸಂಘಗಳ ವರ್ಷಗಳ ದಾಖಲೆ ಹಲವೆಡೆ ಹಾಗೆಯೇ ಅಳಿಸಿಹೋಯಿತು. ಇದಕ್ಕೆ ಅಪವಾದವೆನ್ನಬಹುದಾದ ಭಾರತದ ಯಶಸ್ಸು 2015ರದು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಆ ಮಾರ್ಚ್‌ನಲ್ಲಿ ಅಂತರಜಾಲ ಸೇವೆಗಳ ನಿಯಂತ್ರಣದ ಬಗ್ಗೆ ಪ್ರಕಟಿಸಿದ 118 ಪುಟಗಳ, 20 ಪ್ರಶ್ನೆಗಳ ಸಮಾಲೋಚನಾ ಪತ್ರವನ್ನು ಸೇವ್ ದಿ ಇಂಟರ್ನೆಟ್ ತಂಡದ ಸ್ವಯಂಸೇವಕರು ಓದಿ, ಪ್ರಶ್ನೆಗಳಿಗೆ ಸಿದ್ಧ ಉತ್ತರಗಳನ್ನು ಬರೆದಿಟ್ಟು, ಯಾರು ಬೇಕಾದರೂ ತಿದ್ದಿ ಕಳುಹಿಸುವಂತೆ ಏರ್ಪಾಡು ಮಾಡಿದರು. ಪ್ರಾಧಿಕಾರಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು ಇ-ಮೇಲ್‌ಗಳು ಹೋದವು. 2016ರ ಫೆಬ್ರವರಿ 8ರಂದು ಪ್ರಾಧಿಕಾರವು ತಾಣಕ್ಕೊಂದು ದರ ವಿಧಿಸುವುದನ್ನು ನಿಷೇಧಿಸಿತು. ಪ್ರಚಾರವನ್ನು ಮೆಚ್ಚುಗೆಯ ಗುಂಡಿಗೆ ನಿಲ್ಲಿಸದೆ ಸರ್ಕಾರಿ ಕಡತಕ್ಕೆ ಸೇರುವ ಉತ್ತರವಾಗಿ ಮಾರ್ಪಡಿಸಿದ್ದು ಇಲ್ಲಿನ ನಿಜವಾದ ಜಾಣತನ.

ಸ್ವಂತ ಹೆಸರಿನ ತಾಣವೂ ಪೂರ್ತಿ ಸ್ವಂತವಲ್ಲವೆಂಬುದು ಬೆಳಕಿಗೆ ಬಂದದ್ದು 2019ರಲ್ಲಿ. ಲಾಭರಹಿತ ಸಂಸ್ಥೆಗಳ ಹೆಸರಿನ ಕೊನೆಗೆ ಬರುವ ಡಾಟ್ ಆರ್ಗ್ ಎಂಬ ಗುರುತು 1985ರಿಂದ ಬಳಕೆಯಲ್ಲಿದೆ. ಅದನ್ನು ವರ್ಷವರ್ಷವೂ ಶುಲ್ಕ ಕೊಟ್ಟು ನವೀಕರಿಸಿಕೊಳ್ಳಬೇಕು. 2003ರಿಂದ ಇದರ ನಿರ್ವಹಣೆ ಪಬ್ಲಿಕ್ ಇಂಟರೆಸ್ಟ್ ರಿಜಿಸ್ಟ್ರಿ ಎಂಬ ಲಾಭರಹಿತ ಸಂಸ್ಥೆಯ ಕೈಯಲ್ಲಿತ್ತು. ಜಗತ್ತಿನ ತಾಣನಾಮಗಳ ಉಸ್ತುವಾರಿ ನೋಡಿಕೊಳ್ಳುವ ಐಕ್ಯಾನ್ ಸಂಸ್ಥೆ 2019ರ ಜೂನ್‌ನಲ್ಲಿ, ಈ ಶುಲ್ಕ ವರ್ಷಕ್ಕೆ ಶೇಕಡಾ 10ಕ್ಕಿಂತ ಹೆಚ್ಚು ಏರಬಾರದೆಂಬ ಮಿತಿಯನ್ನು ತೆಗೆದುಹಾಕಿತು; ಅದೇ ನವೆಂಬರ್‌ನಲ್ಲಿ ರಿಜಿಸ್ಟ್ರಿಯನ್ನು ಎಥೋಸ್ ಕ್ಯಾಪಿಟಲ್ ಎಂಬ ಖಾಸಗಿ ಹೂಡಿಕೆ ಕಂಪನಿಗೆ 113.5 ಕೋಟಿ ಡಾಲರಿಗೆ ಮಾರುವ ಒಪ್ಪಂದ ಪ್ರಕಟವಾಯಿತು. ಒಂದು ಕೋಟಿಗೂ ಹೆಚ್ಚು ತಾಣಗಳ ಹೆಸರು ಈ ವ್ಯಾಪಾರದಲ್ಲಿ ಸಿಲುಕಿತ್ತು. ನೀಲಿ ಪಟ್ಟಿ ಹಂಚಿದ್ದ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಷನ್ ಸೇರಿದಂತೆ ನೂರಾರು ಸಂಸ್ಥೆಗಳು ವಿರೋಧಿಸಿದವು, 2020ರ ಜನವರಿಯಲ್ಲಿ ಲಾಸ್ ಏಂಜಲೀಸ್‌ನ ಐಕ್ಯಾನ್ ಕಚೇರಿಯ ಎದುರು ಪ್ರತಿಭಟನೆ ನಡೆಯಿತು, ಕ್ಯಾಲಿಫೋರ್ನಿಯಾದ ಅಟಾರ್ನಿ ಜನರಲ್ ಆಕ್ಷೇಪಣೆ ಸಲ್ಲಿಸಿದರು. 2020ರ ಏಪ್ರಿಲ್ 30ರಂದು ಐಕ್ಯಾನ್ ಮಾರಾಟಕ್ಕೆ ಒಪ್ಪಿಗೆ ನಿರಾಕರಿಸಿತು. ತೆಗೆದುಹಾಕಿದ್ದ ದರದ ಮಿತಿಯನ್ನು ಮಾತ್ರ ಮರಳಿ ತರಲಿಲ್ಲ.